ಮುಟ್ಟುವ ಕೈಗೆ ತಪ್ಪುವ ಸ್ವಾತಂತ್ರ್ಯ

ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಅತಿ ಹೆಚ್ಚು ಜನ ಓದಿರುವ ಬರಹ ಶಾಸನವೂ ಅಲ್ಲ, ತಾಳೆಗರಿಯೂ ಅಲ್ಲ. ಅದು ‘ಮುಟ್ಟಬೇಡಿ’ ಎಂಬ ಫಲಕ. ಮಕ್ಕಳ ವಿಜ್ಞಾನ ಮ್ಯೂಸಿಯಂ ಹುಟ್ಟಿದ್ದೇ ಆ ಫಲಕವನ್ನು ಕಿತ್ತುಹಾಕುವುದಕ್ಕೆ. ಅಲ್ಲಿ ‘ಒತ್ತಿ ನೋಡಿ’, ‘ತಿರುಗಿಸಿ ನೋಡಿ’, ‘ಎಳೆದು ನೋಡಿ’ ಎಂದು ಬರೆದಿರುತ್ತದೆ. ಕ್ರಿಯಾಪದ ಬದಲಾಗಿದೆ, ನಿಜ. ಆದರೆ ಒತ್ತಿದ ಮೇಲೆ ಮಗುವಿಗೆ ಏನು ಸಿಗುತ್ತದೆ? ಒತ್ತುವ ಮೊದಲು ಗೊತ್ತಿಲ್ಲದ್ದು ಒತ್ತಿದ ಮೇಲೆ ಗೊತ್ತಾಗುತ್ತದೆಯೇ? ಈ ಪ್ರಶ್ನೆಗಳನ್ನು ಇಲ್ಲಿ ವಿಮರ್ಶೆಯ ಪ್ರಶ್ನೆಗಳಾಗಿ ಎತ್ತಿಕೊಳ್ಳುತ್ತಿದ್ದೇನೆ.

ಕನ್ನಡದಲ್ಲಿ ನಾವು ಕಾದಂಬರಿ, ನಾಟಕ, ಸಿನಿಮಾಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಯಾರೋ ಕೂತು ಯೋಚಿಸಿ, ನಕ್ಷೆ ಬರೆದು, ಮರ ಕೊಯ್ದು, ಕಬ್ಬಿಣ ಬೆಸೆದು, ಮೇಲೊಂದು ಫಲಕ ಬರೆದು ಮಕ್ಕಳ ಮುಂದಿಟ್ಟ ಪ್ರದರ್ಶಿಕೆಯನ್ನು ಮಾತ್ರ ಕೃತಿ ಎಂದು ಓದುವುದಿಲ್ಲ. ಅದಕ್ಕೂ ಒಬ್ಬ ಕರ್ತೃ ಇದ್ದಾನೆ, ಓದುಗ ಇದ್ದಾನೆ. ಓದುಗನೆಂದರೆ ಯಾರು, ಅವನು ಏನು ಮಾಡಬಲ್ಲ ಎಂಬ ಬಗ್ಗೆ ಕರ್ತೃವಿನ ಮನಸ್ಸಿನಲ್ಲಿ ಒಂದು ಕಲ್ಪನೆಯೂ ಇದೆ. ಆ ಕಲ್ಪನೆಯನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸ.

ಈ ಪರೀಕ್ಷೆಯನ್ನು ನಾನು ಬನಹಟ್ಟಿಯಿಂದ ಮಾಡಲು ಬಯಸುತ್ತೇನೆ. ರಬಕವಿ-ಬನಹಟ್ಟಿ ಮಗ್ಗದ ಊರು. ಇಲ್ಲಿನ ಮಾತಿನಲ್ಲಿ ‘ಕೈ ಹಚ್ಚಬ್ಯಾಡ’ ಎಂದರೆ ಮುಟ್ಟಬೇಡ ಎಂದು ಅರ್ಥ. ‘ಸ್ವಲ್ಪ ಕೈ ಹಚ್ಚು’ ಎಂದರೆ ಕೆಲಸಕ್ಕೆ ನೆರವಾಗು ಎಂದು ಅರ್ಥ. ಮುಟ್ಟುವುದು ಮತ್ತು ದುಡಿಯುವುದು ಇವೆರಡಕ್ಕೂ ಇರುವುದು ಒಂದೇ ನುಡಿಗಟ್ಟು. ‘ಮಕ್ಕಳು ಕೈಯಿಂದ ಕಲಿಯಲಿ’ ಎಂಬುದು ದೊಡ್ಡ ಊರಿನಲ್ಲಿ ಹೊಸ ವಿಚಾರದಂತೆ ಕೇಳಿಸಬಹುದು. ಮಗ್ಗದ ಮನೆಯಲ್ಲಿ ಅದು ಹಳೆಯ ಮಾತು, ಅದರಲ್ಲಿ ಸ್ವಲ್ಪ ನೋವೂ ಇದೆ. ಆದ್ದರಿಂದ ಕೈಗೆ ಸಿಗುವ ಪ್ರದರ್ಶಿಕೆ ಎಂಬ ಕಲ್ಪನೆಯ ಗಟ್ಟಿತನವನ್ನು ನೋಡಲು ಇಂಥ ಊರೇ ಸರಿಯಾದ ಜಾಗ ಎಂದು ನನಗನ್ನಿಸುತ್ತದೆ.

ಮೊದಲು ಈ ಪ್ರಕಾರದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಜರ್ಮನಿಯ ಮ್ಯೂನಿಕ್‌ನಲ್ಲಿ ಓಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರ್ 1903ರಲ್ಲಿ ಡಾಯ್ಚಸ್ ಮ್ಯೂಸಿಯಂ ಸ್ಥಾಪಿಸಿದ. ಸಂದರ್ಶಕರು ಗುಂಡಿ ಒತ್ತಿದರೆ, ಹಿಡಿ ತಿರುಗಿಸಿದರೆ ಯಂತ್ರದ ಮಾದರಿಗಳು ಓಡುವಂತೆ ಮಾಡಿದ್ದು ಅಲ್ಲಿನ ಹೆಗ್ಗಳಿಕೆ. ಆ ಮಾದರಿಯ ಪ್ರಭಾವ ಜಗತ್ತಿನಾದ್ಯಂತ ಹಬ್ಬಿತು. ನಮ್ಮಲ್ಲಿ ಕೋಲ್ಕತ್ತದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ 1959ರಲ್ಲಿ ತೆರೆಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಕಟ್ಟಡವನ್ನು 1962ರ ಜುಲೈ 14ರಂದು ನೆಹರೂ ಉದ್ಘಾಟಿಸಿದರು. ವಿದ್ಯುತ್ತನ್ನು ಕುರಿತ ಅದರ ಮೊದಲ ಗ್ಯಾಲರಿ ಸಾರ್ವಜನಿಕರಿಗೆ ಸಿಕ್ಕಿದ್ದು 1965ರಲ್ಲಿ. ಅದೇ ವರ್ಷ ಕೋಲ್ಕತ್ತದ ಮ್ಯೂಸಿಯಂ ಬಸ್ಸಿನಲ್ಲಿ ಪ್ರದರ್ಶಿಕೆಗಳನ್ನು ತುಂಬಿಕೊಂಡು ಹಳ್ಳಿಗಳಿಗೆ ಹೊರಟಿತು. 1978ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು ರೂಪುಗೊಂಡಿತು. ಮರುವರ್ಷ ಮುಂಬಯಿಯಲ್ಲಿ ಮಕ್ಕಳಿಗಾಗಿ ಬಯಲಿನ ವಿಜ್ಞಾನ ಉದ್ಯಾನ ಬಂತು. ಕಲಬುರಗಿಗೆ 1984ರಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಬಂತು, ಧಾರವಾಡಕ್ಕೆ 2012ರಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಬಂತು. ಬನಹಟ್ಟಿಯ ಮಗುವಿಗೆ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಧಾರವಾಡವಾದರೆ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು. ಇದು ಸಣ್ಣ ಬದಲಾವಣೆಯಲ್ಲ.

ಈ ಪ್ರಕಾರಕ್ಕೆ ಇನ್ನೊಂದು ಬೇರೂ ಇದೆ. ಅಣುಬಾಂಬಿನ ರಾಬರ್ಟ್ ಒಪೆನ್‌ಹೈಮರ್‌ನ ತಮ್ಮ ಫ್ರಾಂಕ್ ಒಪೆನ್‌ಹೈಮರ್ ಕೂಡ ಭೌತವಿಜ್ಞಾನಿ. ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡ. ಕೊಲರಾಡೋದ ಬೆಟ್ಟದೂರಿನಲ್ಲಿ ದನ ಸಾಕಿದ, ಆಮೇಲೆ ಅಲ್ಲಿಯದೇ ಹೈಸ್ಕೂಲಿನಲ್ಲಿ ಪಾಠ ಹೇಳಿದ. ಮತ್ತೆ ವಿಶ್ವವಿದ್ಯಾಲಯಕ್ಕೆ ಮರಳಿದಾಗ ವಿದ್ಯಾರ್ಥಿಗಳು ಬೇಕಾದಾಗ ಬಂದು ತಾವೇ ಮಾಡಿ ನೋಡಬಹುದಾದ ‘ಪ್ರಯೋಗಗಳ ಗ್ರಂಥಾಲಯ’ ಕಟ್ಟಿದ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನು ತೆರೆದ ಎಕ್ಸ್‌ಪ್ಲೊರೆಟೋರಿಯಂ ಈ ಅನುಭವದ ಮುಂದುವರಿಕೆ. ಅಲ್ಲಿ ಪ್ರದರ್ಶಿಕೆಗಳನ್ನು ತಯಾರಿಸುವ ಕಮ್ಮಟವೇ ಸಂದರ್ಶಕರ ಕಣ್ಣೆದುರಿಗಿತ್ತು. ಕೊರೆಯುವುದು, ಬೆಸೆಯುವುದು, ಕೆಡುವುದು, ಮತ್ತೆ ಮಾಡುವುದು ಎಲ್ಲವೂ ಕಾಣುತ್ತಿತ್ತು. ಆ ಪ್ರದರ್ಶಿಕೆಗಳನ್ನು ಬೇರೆಯವರೂ ಕಟ್ಟಿಕೊಳ್ಳಲೆಂದು ಅಡುಗೆ ಪುಸ್ತಕದಂತೆ ವಿಧಾನಗಳನ್ನು ಬರೆದು ಹಂಚಿದರು. ಆ ಸಂಪುಟಗಳ ಹೆಸರೇ ‘ಕುಕ್‌ಬುಕ್’.

ಮ್ಯೂನಿಕ್‌ನ ದಾರಿಯಲ್ಲಿ ಯಂತ್ರ ತಾನು ಹೇಗೆ ಓಡುತ್ತೇನೆಂದು ತೋರಿಸುತ್ತದೆ, ಮಗು ಅದನ್ನು ಚಾಲೂ ಮಾಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ದಾರಿಯಲ್ಲಿ ಏನಾಗುತ್ತದೆಂಬುದು ಮಗು ಏನು ಮಾಡುತ್ತದೆ ಎಂಬುದರ ಮೇಲೆ ನಿಂತಿದೆ. ನಮ್ಮ ವಿಜ್ಞಾನ ಕೇಂದ್ರಗಳಲ್ಲಿ ಎರಡೂ ಬಗೆಯವು ಅಕ್ಕಪಕ್ಕದಲ್ಲೇ ಇರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ‘ಮುಟ್ಟಬಹುದಾದ’ ಪ್ರದರ್ಶಿಕೆಗಳೇ. ಓದಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಮೂರು ಉದಾಹರಣೆ ಓದೋಣ.

ಮೊದಲನೆಯದು ಗುಂಡಿಯ ಮಾದರಿ. ಗಾಜಿನ ಪೆಟ್ಟಿಗೆಯೊಳಗೆ ಜಲವಿದ್ಯುತ್ ಕೇಂದ್ರವೋ ಹೃದಯದ ಕೋಣೆಗಳೋ ಇವೆ ಅಂದುಕೊಳ್ಳಿ. ಗುಂಡಿ ಒತ್ತಿದರೆ ದೀಪಗಳು ಒಂದಾದ ಮೇಲೊಂದು ಹೊತ್ತಿ ನೀರಿನ ಅಥವಾ ರಕ್ತದ ದಾರಿ ತೋರಿಸುತ್ತವೆ. ಒಂದು ಗುಂಡಿ, ಒಂದು ಕಥೆ, ಒಂದೇ ಕೊನೆ. ಬುದ್ಧಿವಂತ ಮಗು ಒತ್ತಿದರೂ ಅದೇ, ಬೆಕ್ಕು ಒತ್ತಿದರೂ ಅದೇ. ಇಂಥ ಕಡೆ ಮಕ್ಕಳು ಏನು ಮಾಡುತ್ತಾರೆಂದು ಗಮನಿಸಿ: ಒತ್ತಿ, ದೀಪ ಹೊತ್ತುವ ಮೊದಲೇ ಮುಂದಿನ ಗುಂಡಿಗೆ ಓಡುತ್ತಾರೆ. ದೊಡ್ಡವರು ಇದನ್ನು ಚಂಚಲತೆ ಎನ್ನುತ್ತಾರೆ. ನನ್ನ ಪ್ರಕಾರ ಅದು ಸರಿಯಾದ ವಿಮರ್ಶೆ. ಇಲ್ಲಿ ತನ್ನಿಂದ ಆಗಬೇಕಾದದ್ದು ಏನೂ ಇಲ್ಲ ಎಂಬುದು ಮಗುವಿಗೆ ಎರಡು ಸೆಕೆಂಡಿನಲ್ಲಿ ತಿಳಿದುಬಿಟ್ಟಿದೆ.

ಎರಡನೆಯದು ಮೇಲಕ್ಕೆ ಉರುಳುವ ಜೋಡಿ ಶಂಕು. ಒಂದು ತುದಿಯಲ್ಲಿ ಹತ್ತಿರವಿದ್ದು ಇನ್ನೊಂದು ತುದಿಯಲ್ಲಿ ಅಗಲವಾಗುವ ಎರಡು ಹಳಿಗಳಿವೆ. ಅಗಲವಾದ ತುದಿ ಎತ್ತರದಲ್ಲಿದೆ. ನಡುವೆ ದಪ್ಪ, ತುದಿಗಳಲ್ಲಿ ಚೂಪಾದ ಮರದ ಗೂಟವೊಂದನ್ನು ತಗ್ಗಿನಲ್ಲಿಟ್ಟರೆ ಅದು ತಾನಾಗಿ ಏರಿನತ್ತ ಉರುಳುತ್ತದೆ. ಮಗು ನಗುತ್ತದೆ, ಮತ್ತೆ ಇಡುತ್ತದೆ, ಉಲ್ಟಾ ಇಡುತ್ತದೆ, ಮೇಲಿನಿಂದ ಕೆಳಗೆ ತಳ್ಳುತ್ತದೆ. ಕೊನೆಗೆ ಕತ್ತು ಬಗ್ಗಿಸಿ ಪಕ್ಕದಿಂದ ನೋಡುತ್ತದೆ. ಆಗ ಗೂಟದ ನಡುಭಾಗ ನಿಜಕ್ಕೂ ಕೆಳಗಿಳಿಯುತ್ತಿರುವುದು ಕಾಣುತ್ತದೆ. ಹಳಿ ಏರುತ್ತಿದೆ, ತೂಕ ಇಳಿಯುತ್ತಿದೆ. ಈ ಪ್ರದರ್ಶಿಕೆ ಮಗುವನ್ನು ಮೋಸಗೊಳಿಸುತ್ತದೆ. ಆ ಮೋಸವನ್ನು ಕಂಡುಹಿಡಿಯಲು ಬೇಕಾದ ಸಾಕ್ಷ್ಯವನ್ನೂ ಬಚ್ಚಿಡದೆ ಅಲ್ಲೇ ಇಡುತ್ತದೆ. ಒಳ್ಳೆಯ ಪತ್ತೇದಾರಿ ಕಥೆಯೂ ಇದನ್ನೇ ಮಾಡುತ್ತದೆ.

ಮೂರನೆಯದು ರಾಟೆಯ ಕುರ್ಚಿ. ನನಗೆ ತುಂಬ ಇಷ್ಟವಾದದ್ದು ಇದೇ. ಸ್ಥಿರ ರಾಟೆ ಬಲದ ದಿಕ್ಕನ್ನಷ್ಟೇ ಬದಲಿಸುತ್ತದೆ, ಶ್ರಮವನ್ನು ಕಡಿಮೆ ಮಾಡುವುದಿಲ್ಲ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಬಾವಿಯ ರಾಟೆಯ ಮಟ್ಟಿಗೆ ಅದು ನಿಜ. 30 ಕಿಲೋ ತೂಕದ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಕೂತಿದ್ದಾಳೆ, ಕುರ್ಚಿಯ ಹಗ್ಗ ಮೇಲಿನ ಒಂದೇ ರಾಟೆಯ ಮೇಲೆ ಹಾದು ಕೆಳಗೆ ಬಂದಿದೆ ಎಂದಿಟ್ಟುಕೊಳ್ಳಿ. ಕುರ್ಚಿಯ ತೂಕ, ತಿಕ್ಕಾಟ ಬಿಟ್ಟು ಲೆಕ್ಕ ಹಾಕೋಣ. ನೆಲದ ಮೇಲೆ ನಿಂತ ಗೆಳತಿ ಎಳೆದರೆ ಪೂರ್ತಿ 30 ಕಿಲೋ ಭಾರ ಎಳೆಯಬೇಕು. ಗೆಳತಿ 25 ಕಿಲೋದವಳಾದರೆ ಜೋತುಬಿದ್ದರೂ ಕುರ್ಚಿ ಏಳುವುದಿಲ್ಲ. ಅದೇ ಹಗ್ಗದ ತುದಿಯನ್ನು ಕುರ್ಚಿಯಲ್ಲಿ ಕೂತವಳ ಕೈಗೇ ಕೊಟ್ಟು ನೋಡಿ. ಅವಳು 15 ಕಿಲೋದಷ್ಟು ಎಳೆದರೆ ಸಾಕು, ತಾನೇ ಮೇಲೇಳುತ್ತಾಳೆ. ಈಗ ಅವಳನ್ನು ಹೊತ್ತಿರುವುದು ಹಗ್ಗದ ಎರಡು ಎಳೆ. ಒಂದು ಅಡಿ ಏರಲು ಎರಡು ಅಡಿ ಹಗ್ಗ ಕೈಯಿಂದ ಹಾಯಬೇಕು, ಅಷ್ಟೇ ಬೆಲೆ. ಪಠ್ಯದ ವಾಕ್ಯ ಸುಳ್ಳಾಗಲಿಲ್ಲ, ಅದರ ಗಡಿ ತಿಳಿಯಿತು. ಮಗುವಿನ ಮೈ ಒಂದು ವಾಕ್ಯವನ್ನು ತಿದ್ದಿತು. ವಿಜ್ಞಾನ ಎಂದರೆ ಇದು.

ಈ ಮೂರು ಓದುಗಳಿಂದ ಒಂದು ಅಳತೆಗೋಲು ಸಿಗುತ್ತದೆ. ಕೈಗೆ ಸಿಗುವ ಒಳ್ಳೆಯ ಪ್ರದರ್ಶಿಕೆ ಮಗುವಿಗೆ ತಪ್ಪಲು ಅವಕಾಶ ಕೊಡುತ್ತದೆ. ಆ ತಪ್ಪು ಮಗುವಿನ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಏನೂ ಕಳೆದುಕೊಳ್ಳದೆ ಇನ್ನೊಮ್ಮೆ ಮಾಡಲು ಬಿಡುತ್ತದೆ. ಗುಂಡಿಯ ಮಾದರಿಯಲ್ಲಿ ತಪ್ಪುವುದಕ್ಕೇ ಜಾಗವಿಲ್ಲ. ಜೋಡಿ ಶಂಕುವಿನಲ್ಲಿ ಊಹೆ ತಪ್ಪುತ್ತದೆ, ತಪ್ಪಿದ್ದು ಕಾಣುತ್ತದೆ, ಮತ್ತೆ ಇಟ್ಟು ನೋಡಬಹುದು.

ತಪ್ಪಲು ಬಿಡಬೇಕೆಂದು ಹತ್ತು ಹಿಡಿ, ಹದಿನೈದು ಸ್ವಿಚ್ಚು ಜೋಡಿಸಿದರೂ ಕೆಲಸ ಕೆಡುತ್ತದೆ. ಎಕ್ಸ್‌ಪ್ಲೊರೆಟೋರಿಯಂನ ಸೂ ಆಲೆನ್ ಮತ್ತು ಜೋಶುವಾ ಗಟ್‌ವಿಲ್ 2004ರಲ್ಲಿ ಬರೆದ ಪ್ರಬಂಧವೊಂದರ ವಿಷಯವೇ ಇದು. ಒಂದೇ ಪ್ರದರ್ಶಿಕೆಯಲ್ಲಿ ಆಡಿಸುವ ಭಾಗಗಳು ಹೆಚ್ಚಾದಾಗ ಮಕ್ಕಳು ಕಂಗೆಡುತ್ತಾರೆ, ಒಬ್ಬರ ಆಟ ಇನ್ನೊಬ್ಬರ ಆಟವನ್ನು ಕೆಡಿಸುತ್ತದೆ, ನೋಡಬೇಕಾದ ಮುಖ್ಯ ಸಂಗತಿಯೇ ಮರೆಯಾಗುತ್ತದೆ ಎಂದು ಅವರು ತೋರಿಸಿದರು. ಕಥೆ ಬರೆಯುವವರಿಗೂ ಈ ಮಾತು ಹೊಸದಲ್ಲ.

ಇನ್ನು ಪ್ರದರ್ಶಿಕೆಯ ಪಕ್ಕದ ಫಲಕಕ್ಕೆ ಬರೋಣ. ಇದು ಕನ್ನಡ ಗದ್ಯದ ಒಂದು ಪ್ರಕಾರ. ಇದನ್ನು ಯಾರೂ ಹಾಗೆಂದು ಗುರುತಿಸಿಲ್ಲ. ನಿಂತುಕೊಂಡು, ಹಿಂದಿನವರ ನೂಕುನುಗ್ಗಲಿನಲ್ಲಿ, ಒಂದು ಕೈ ಹಿಡಿಯ ಮೇಲಿಟ್ಟು ಓದಬೇಕಾದ ಗದ್ಯ ಇದು. ಆದರೂ ಅನೇಕ ಫಲಕಗಳು ಪರೀಕ್ಷೆಯ ಉತ್ತರದಂತೆ ಇರುತ್ತವೆ. ತಿರುಗುವ ಸ್ಟೂಲಿನ ಮೇಲೆ ಕೂತು ಕೈ ಚಾಚಿದರೆ ನಿಧಾನವಾಗುವ, ಕೈ ಮಡಚಿದರೆ ವೇಗ ಹೆಚ್ಚುವ ಆಟ ನಿಮಗೆ ಗೊತ್ತಿರಬಹುದು. ಅದಕ್ಕೆ ‘ಕೋನೀಯ ಸಂವೇಗದ ಸಂರಕ್ಷಣಾ ನಿಯಮದ ಪ್ರಕಾರ ಜಡತ್ವ ಭ್ರಾಮಕ ಕಡಿಮೆಯಾದಾಗ ಕೋನೀಯ ವೇಗ ಹೆಚ್ಚುತ್ತದೆ’ ಎಂದು ಬರೆದರೆ ತಪ್ಪೇನಿಲ್ಲ. ಆದರೆ ಅದನ್ನು ಓದಿದ ಮಗು ಸ್ಟೂಲಿನಿಂದ ಇಳಿದುಬಿಡುತ್ತದೆ. ಉತ್ತರ ಸಿಕ್ಕಮೇಲೆ ಕೂರುವುದೇಕೆ? ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಕೈ ಚಾಚಿ ಸುತ್ತು. ಈಗ ಕೈ ಎದೆಗೆ ಒತ್ತು. ಯಾರು ನಿನ್ನನ್ನು ತಳ್ಳಿದರು?’ ಪಾರಿಭಾಷಿಕ ಪದ ಬೇಡವೆಂದಲ್ಲ. ಅದು ಫಲಕದ ಹಿಂದಿರಲಿ, ತಿರುಗಿಸಿ ಓದುವಂತಿರಲಿ. ಅನುಭವ ಮೊದಲು, ಹೆಸರು ಆಮೇಲೆ.

ಹೀಗೆ ಬರೆಯುವ ಪರಂಪರೆ ನಮಗಿಲ್ಲ ಎನ್ನುವ ಹಾಗಿಲ್ಲ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ತಂದವರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆಯಲ್ಲಿ ತಲೆಮಾರುಗಳ ಶಿಕ್ಷಕರು ಬರೆದಿದ್ದಾರೆ. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಿಂದ ರೇಖಾಗಣಿತದ ಆಕಾರ ಕಟ್ಟಿಸಿದ ಅರವಿಂದ ಗುಪ್ತಾ ಅವರ ಬರಹಗಳೂ ಕನ್ನಡಕ್ಕೆ ಬಂದಿವೆ. ಪುಸ್ತಕದಲ್ಲಿ ಸಾಧ್ಯವಾದ ಈ ಗದ್ಯ ಫಲಕಕ್ಕೆ ಇನ್ನೂ ಸಾಕಷ್ಟು ಇಳಿದಿಲ್ಲ. ಇದಕ್ಕೆ ಒಂದು ಕಾರಣ, ಫಲಕವನ್ನು ಇನ್ನೊಂದು ಭಾಷೆಯಲ್ಲಿ ಬರೆದು ಕನ್ನಡಕ್ಕೆ ತರುವ ಅಭ್ಯಾಸ. ಸ್ಟೂಲಿನ ಮೇಲೆ ಕೂತ ಮಗುವಿನ ಬಾಯಿಂದ ಬರುವ ಮಾತನ್ನು ಕೇಳಿಸಿಕೊಂಡು ಕನ್ನಡದಲ್ಲೇ ಬರೆದರೆ ಫಲಕ ಬೇರೆಯಾಗಿರುತ್ತದೆ. ಬನಹಟ್ಟಿಯಲ್ಲಾದರೆ ಅದರಲ್ಲಿ ‘ಮಾಡಿ ನೋಡು’ ಬದಲು ‘ಮಾಡಿ ನೋಡಲೇ’ ಎಂಬ ದನಿ ಬರಬಹುದು. ಬಂದರೆ ಒಳ್ಳೆಯದೇ.

ಈಗ ಮಗ್ಗದ ಮನೆಗೆ ಬರೋಣ. ಅಲ್ಲಿ ಮಗುವಿನ ಕೈಗೆ ಸಿಗುವ ಮೊದಲ ಯಂತ್ರ ಕಂಡಿಕೆ ಸುತ್ತುವ ರಾಟಿ. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಹೆಂಗಸರ, ಮುದುಕರ, ಮಕ್ಕಳ ಪಾಲಿಗೆ ಬಂದ ಕೆಲಸ. ನೂಲು ಬಿಗಿಯಾಯಿತೆ, ಸಡಿಲವಾಯಿತೆ ಎಂಬುದು ಆ ಬೆರಳುಗಳಿಗೆ ಗೊತ್ತು. ಯಾವ ಪ್ರಯೋಗಾಲಯವೂ ಕಲಿಸದಷ್ಟು ಸೂಕ್ಷ್ಮವಾಗಿ ಗೊತ್ತು. ಹಾಗಿದ್ದರೆ ಬನಹಟ್ಟಿಗೆ ವಿಜ್ಞಾನ ಮ್ಯೂಸಿಯಂ ಯಾಕೆ, ಊರೇ ಮ್ಯೂಸಿಯಂ ಅಲ್ಲವೇ ಎಂದು ಕೇಳಬಹುದು. ಈ ಮಾತು ಕೇಳಲು ಚೆನ್ನಾಗಿದೆ. ನಾನು ಒಪ್ಪುವುದಿಲ್ಲ.

ಕಾರಣ ತಪ್ಪಿನ ಬೆಲೆ. ಮಗ್ಗದಲ್ಲಿ ತಪ್ಪಿದರೆ ಸೀರೆಯಲ್ಲಿ ಗೆರೆ ಬೀಳುತ್ತದೆ, ಕೂಲಿಯಲ್ಲಿ ಕಡಿತವಾಗುತ್ತದೆ. ಕಂಡಿಕೆ ಸಡಿಲವಾದರೆ ಅಪ್ಪನ ಕೈ ನಿಲ್ಲುತ್ತದೆ. ‘ಹೀಗೆ ಮಾಡಿದರೆ ಏನಾಗುತ್ತದೆ’ ಎಂದು ನೋಡುವ ಹಕ್ಕು ಅಲ್ಲಿ ಮಗುವಿಗಿಲ್ಲ. ಒಂದು ಕ್ರಿಯೆಯನ್ನು ಸರಿಯಾಗಿ, ಸಾವಿರ ಸಲ, ಅದೇ ರೀತಿ ಮಾಡಬೇಕು. ಕೈ ಕಲಿಯುತ್ತದೆ, ಪ್ರಶ್ನೆ ಕಲಿಯುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು. ಜೊತೆಗೆ, ಶಾಲೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಅಪಾಯಕರವಲ್ಲದ ಮನೆತನದ ಕೆಲಸಕ್ಕೆ ನೆರವಾಗಲು ಬಿಟ್ಟಿತು. ಆ ಬಿಡುವು ಯಾರ ಮನೆಗಳನ್ನು ತಲುಪುತ್ತದೆ ಎಂದು ಮಗ್ಗದ ಊರಿನವರಿಗೆ ವಿವರಿಸಬೇಕಾಗಿಲ್ಲ.

ಈ ಇಕ್ಕಟ್ಟು ಹಳೆಯದು. 1937ರಲ್ಲಿ ವಾರ್ಧಾದಲ್ಲಿ ಗಾಂಧಿ ‘ನಯೀ ತಾಲೀಮ್’ ಮುಂದಿಟ್ಟಾಗ ಕಸುಬಿನ ಮೂಲಕವೇ ಎಲ್ಲ ಪಾಠ ಎಂದರು. ಮಕ್ಕಳ ಕೈಕೆಲಸದ ಆದಾಯದಿಂದ ಶಾಲೆ ತನ್ನ ಖರ್ಚು ನೋಡಿಕೊಳ್ಳಬಹುದು ಎಂದೂ ಹೇಳಿದರು. ಮಗು ದುಡಿಮೆಗಾರನಾಗಿಬಿಡುವುದಿಲ್ಲವೇ ಎಂಬ ಆಕ್ಷೇಪ ಆಗಲೇ ಎದ್ದಿತ್ತು. ಅದಕ್ಕೂ ಮೊದಲು, 1896ರಲ್ಲಿ, ಜಾನ್ ಡ್ಯೂಯಿ ಷಿಕಾಗೋದ ತನ್ನ ಪ್ರಯೋಗಶಾಲೆಯಲ್ಲಿ ಮಕ್ಕಳ ಕೈಗೆ ಉಣ್ಣೆ, ಹತ್ತಿ ಕೊಟ್ಟಿದ್ದ. ಹತ್ತಿಯ ಬೀಜ ಬಿಡಿಸಲು ಕೂತ ಮಕ್ಕಳ ಗುಂಪಿಗೆ ಅರ್ಧ ಗಂಟೆಯಲ್ಲಿ ಒಂದು ಔನ್ಸ್ ಅರಳೆಯೂ ಸಿಗಲಿಲ್ಲ. ಜಿನ್ನಿಂಗ್ ಯಂತ್ರ ಬರುವ ಮೊದಲು ಅವರ ಪೂರ್ವಿಕರು ಹತ್ತಿಗಿಂತ ಉಣ್ಣೆಯನ್ನೇ ಯಾಕೆ ತೊಡುತ್ತಿದ್ದರು ಎಂಬುದು ಅವರಿಗೆ ಅಲ್ಲೇ ತಿಳಿಯಿತು. ಆ ಅರಳೆಯನ್ನು ಯಾರೂ ಮಾರಬೇಕಾಗಿರಲಿಲ್ಲ. ಕಡಿಮೆ ಸಿಕ್ಕಿತೆಂದು ಬೈಯುವವರಿರಲಿಲ್ಲ. ಕಡಿಮೆ ಸಿಕ್ಕಿದ್ದೇ ಪಾಠವಾಯಿತು. ಅದೇ ಕೈ, ಅದೇ ಹತ್ತಿ. ಒಂದು ಕಡೆ ದುಡಿಮೆ, ಇನ್ನೊಂದು ಕಡೆ ಕಲಿಕೆ. ನಡುವಿನ ಗೆರೆ ಎಂದರೆ ತಪ್ಪಿಗೆ ತೆರಬೇಕಾದ ಬೆಲೆ.

ಆದ್ದರಿಂದ ಬನಹಟ್ಟಿಯಂಥ ಊರಿನಲ್ಲಿ ಮಕ್ಕಳ ವಿಜ್ಞಾನ ಮ್ಯೂಸಿಯಂ ಕಟ್ಟುವವರು ಮಾಡಬಹುದಾದ ಅತಿ ಸುಲಭದ, ಅತಿ ಕೆಟ್ಟ ಕೆಲಸವೆಂದರೆ ಮೂಲೆಯಲ್ಲೊಂದು ಹಳೆಯ ಕೈಮಗ್ಗ ನಿಲ್ಲಿಸಿ ‘ನಮ್ಮ ಪರಂಪರೆ’ ಎಂದು ಬೋರ್ಡು ಹಾಕುವುದು. ಅದು ಮತ್ತೆ ‘ಮುಟ್ಟಬೇಡಿ’ ಲೋಕಕ್ಕೆ ಮರಳಿದಂತೆ. ಮಗ್ಗದೊಳಗಿರುವ ಪ್ರಶ್ನೆಗಳನ್ನು ಹೊರಗೆ ತೆಗೆದು, ದೊಡ್ಡದಾಗಿಸಿ, ತಪ್ಪಲು ಬಿಡುವ ಯಂತ್ರಗಳಾಗಿ ಕಟ್ಟುವುದು ನಿಜವಾದ ಕೆಲಸ. ಮೂರು ಪ್ರದರ್ಶಿಕೆಗಳನ್ನು ನಾನು ಮನಸ್ಸಿನಲ್ಲಿ ಕಟ್ಟಿ ನೋಡಿದ್ದೇನೆ.

ಒಂದು, ಅರಳೆಯ ಬಟ್ಟಲು. ಹತ್ತಿಯ ಒಂದೊಂದು ನಾರು ಎರಡೂವರೆ, ಮೂರು ಸೆಂಟಿಮೀಟರಿನಷ್ಟು ಉದ್ದ. ಅರಳೆಯನ್ನು ಹಾಗೇ ಎಳೆದರೆ ಬಿಚ್ಚಿಕೊಳ್ಳುತ್ತದೆ. ಬೆರಳಲ್ಲಿ ಹೊಸೆದು ಎಳೆದರೆ ಹಿಡಿಯುತ್ತದೆ. ಇಷ್ಟು ಗಿಡ್ಡ ನಾರುಗಳಿಂದ ಆರು ಗಜದ ಸೀರೆಯುದ್ದಕ್ಕೂ ಓಡುವ ಎಳೆ ಹೇಗಾಯಿತು? ಉತ್ತರ ತಿಕ್ಕಾಟ. ಹೊಸೆದಷ್ಟೂ ನಾರುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ತುಂಬ ಹೊಸೆದರೆ ನೂಲು ಗಂಟುಗಂಟಾಗಿ ಸುರುಳಿಯಾಗುತ್ತದೆ. ಎಷ್ಟು ಹೊಸೆದರೆ ಎಷ್ಟು ತೂಕ ತಡೆಯುತ್ತದೆಂದು ನೋಡಲು ಕೊಕ್ಕೆ, ಸಣ್ಣ ಕಲ್ಲುಗಳಿದ್ದರೆ ಸಾಕು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ನೂಲು ಕಡಿದರೆ ಕಲ್ಲು ಬೀಳುತ್ತದೆ, ಎಲ್ಲರೂ ನಗುತ್ತಾರೆ, ಆಟ ಮುಂದುವರಿಯುತ್ತದೆ.

ಎರಡು, ಎಳೆ ಮುಟ್ಟಿ ನೋಡುವ ಮುಳ್ಳು. ಹೊಕ್ಕಿನ ಎಳೆ ಕಡಿದೊಡನೆ ಪವರ್‌ಲೂಮ್ ತಾನಾಗಿ ನಿಲ್ಲುತ್ತದೆ. ನಿಲ್ಲಿಸುವುದು ವೆಫ್ಟ್ ಫೋರ್ಕ್ ಎಂಬ ಚಿಕ್ಕ ಮುಳ್ಳು. ಎಳೆ ಇದ್ದರೆ ಅದು ಮುಳ್ಳನ್ನು ಒತ್ತುತ್ತದೆ, ಮುಳ್ಳಿನ ಬಾಲ ಮೇಲೇಳುತ್ತದೆ, ಕೆಳಗಿನ ಕೊಕ್ಕೆ ಅದಕ್ಕೆ ಸಿಗದೆ ಹೋಗುತ್ತದೆ. ಎಳೆ ಇಲ್ಲದಿದ್ದರೆ ಬಾಲ ಏಳುವುದಿಲ್ಲ, ಕೊಕ್ಕೆ ಅದನ್ನು ಹಿಡಿದು ಎಳೆದು ಮಗ್ಗ ನಿಲ್ಲಿಸುತ್ತದೆ. ಮಿದುಳಿಲ್ಲ, ವಿದ್ಯುತ್ ಸಂವೇದಕವಿಲ್ಲ, ಆದರೂ ಯಂತ್ರಕ್ಕೆ ಸ್ಪರ್ಶಜ್ಞಾನ. ಇದನ್ನು ಮರದಲ್ಲಿ ಮೊಳದುದ್ದ ಮಾಡಿ, ನಿಧಾನವಾಗಿ ಕೈಯಿಂದ ತಿರುಗುವಂತೆ ಇಟ್ಟರೆ ಮಗು ಎಳೆ ಕತ್ತರಿಸಿ ನೋಡಬಹುದು, ಎಳೆಯ ಬದಲು ತನ್ನ ಬೆರಳಿಟ್ಟು ಯಂತ್ರವನ್ನು ಯಾಮಾರಿಸಲೂಬಹುದು. ಬೆರಳು ಸಿಕ್ಕಿಕೊಳ್ಳುವ ಸಂದು ಎಲ್ಲೂ ಇರಬಾರದು. ವಿನ್ಯಾಸದ ಹೆಚ್ಚಿನ ಶ್ರಮ ಹೋಗುವುದು ಅಲ್ಲೇ.

ಮೂರು, ತೂತಿನ ಹಲಗೆ. ಸೀರೆಯ ಅಂಚು, ಸೆರಗಿನ ವಿನ್ಯಾಸ ನೇಯಲು ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ನೇಕಾರ ಊರುಗಳಿಗೆ ಪರಿಚಿತ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ರೂಪಿಸಿದ ಉಪಾಯ ಅದು. ಒಂದು ಕಾರ್ಡು ಎಂದರೆ ಹೊಕ್ಕಿನ ಒಂದು ಸಾಲು. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಆ ಹಾಸಿನ ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದೆ ತಳ್ಳಿಸಿಕೊಳ್ಳುತ್ತದೆ, ಎಳೆ ಏಳುವುದಿಲ್ಲ. ಇದೆ ಅಥವಾ ಇಲ್ಲ, ಇಷ್ಟೇ ಭಾಷೆ. ಈ ಭಾಷೆಯಲ್ಲಿ 1839ರಲ್ಲಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು, ಸುಮಾರು 24,000 ಕಾರ್ಡುಗಳಿಂದ. ಅದರ ಒಂದು ಪ್ರತಿ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ತನ್ನ ಲೆಕ್ಕದ ಯಂತ್ರಕ್ಕೆ ಅವನು ಯೋಚಿಸಿದ್ದೂ ತೂತಿನ ಕಾರ್ಡುಗಳನ್ನೇ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತ್ ಎಣಿಸಿದ್ದೂ ತೂತಿನ ಕಾರ್ಡುಗಳಿಂದ.

ನನ್ನ ಮನಸ್ಸಿನ ಪ್ರದರ್ಶಿಕೆಯಲ್ಲಿ ಬೆರಳು ದಪ್ಪದ ಎಂಟು ಕೆಂಪು ಹಗ್ಗಗಳು ಹಾಸು. ಹೊಕ್ಕಿಗೆ ಬಿಳಿ ಹಗ್ಗ, ಮರದ ದೊಡ್ಡ ಲಾಳಿ. ಎಂಟು ಹಲಗೆ, ಪ್ರತಿಯೊಂದರಲ್ಲಿ ಎಂಟು ತೂತು, ತೂತು ಮುಚ್ಚಲು ಮರದ ಬೆಣೆ. ಮಗು ಬೆಣೆಗಳನ್ನು ಜೋಡಿಸಿ, ಹಿಡಿ ಎಳೆದು, ಲಾಳಿ ದಾಟಿಸಿ, ಒಂದೊಂದೇ ಸಾಲು ನೇಯುತ್ತದೆ. ಒಂದು ಹಲಗೆಯಲ್ಲಿ 256 ಬಗೆಯ ಜೋಡಣೆ ಸಾಧ್ಯ. ಎಂಟೂ ಹಲಗೆ ಸೇರಿದರೆ 64 ತೂತು, ಎರಡನ್ನು 64 ಸಲ ಗುಣಿಸಿದಷ್ಟು ವಿನ್ಯಾಸ. ಚದುರಂಗದ ಮನೆಗಳಲ್ಲಿ ಕಾಳು ದುಪ್ಪಟ್ಟು ಮಾಡುತ್ತ ಹೋದ ಕಥೆಯ ಸಂಖ್ಯೆಯೇ ಹೆಚ್ಚುಕಡಿಮೆ ಇದು. ತನ್ನ ಹೆಸರಿನ ಮೊದಲ ಅಕ್ಷರ ನೇಯಲು ಹೊರಟ ಮಗುವಿಗೆ ಕನ್ನಡದ ದುಂಡು ಎಂಟು ಮನೆಯ ಚೌಕದಲ್ಲಿ ಸುಲಭವಾಗಿ ಕೂರುವುದಿಲ್ಲ ಎಂಬುದು ತಿಳಿಯುತ್ತದೆ. ಮೊಬೈಲಿನ ತೆರೆಯ ಮೇಲೆ ಅಕ್ಷರ ಮೂಡಿಸುವವರ ಕಷ್ಟವೂ ಇದೇ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಬೆಣೆ ತಪ್ಪಿದರೆ ನೇಯ್ಗೆಯಲ್ಲಿ ಒಂದು ಕೆಂಪು ಚುಕ್ಕೆ ಬೇಡದ ಕಡೆ ಕಾಣುತ್ತದೆ. ಮಗು ಸಾಲು ಎಣಿಸುತ್ತದೆ, ಎಳೆ ಎಣಿಸುತ್ತದೆ: ಐದನೆಯ ಹಲಗೆ, ಮೂರನೆಯ ತೂತು. ತಪ್ಪಿಗೆ ಒಂದು ವಿಳಾಸ ಸಿಗುತ್ತದೆ. ಅದು ‘ನೀನು ದಡ್ಡ’ ಎಂಬ ವಿಳಾಸವಲ್ಲ. ಹೊರಗೆ, ಹಲಗೆಯ ಮೇಲೆ, ಬೆರಳಿಟ್ಟು ತೋರಿಸಬಹುದಾದ ಜಾಗ. ಶಾಲೆಯಲ್ಲಿ ಕೆಂಪು ಶಾಯಿಯ ಗುರುತನ್ನಷ್ಟೇ ನೋಡಿದ ಮಗುವಿಗೂ ಸೀರೆಯ ಗೆರೆಗಾಗಿ ಅಪ್ಪ ಬೈಸಿಕೊಂಡದ್ದನ್ನು ಕಂಡ ಮಗುವಿಗೂ ಇದು ಸಣ್ಣ ವಿಷಯವಲ್ಲ.

ಇದರ ವಿರುದ್ಧ ಹೇಳಬಹುದಾದ ಮಾತುಗಳಿವೆ. ನೇಕಾರರ ಮಕ್ಕಳಿಗೆ ಮತ್ತೆ ಮಗ್ಗವನ್ನೇ ತೋರಿಸಿ ಅವರನ್ನು ಅಲ್ಲಿಗೇ ಕಟ್ಟಿಹಾಕುತ್ತೀರಾ, ಅವರಿಗೆ ನಕ್ಷತ್ರ, ರಾಕೆಟ್ ಬೇಡವೇ? ಖಂಡಿತ ಬೇಕು. ಜಕಾರ್ಡಿನ ಹಲಗೆ ಮಗುವನ್ನು ಮಗ್ಗಕ್ಕೆ ಕಟ್ಟಿದರೆ ಆ ಪ್ರದರ್ಶಿಕೆ ಸೋತಂತೆ. ಮಗ್ಗದಿಂದ ಕಂಪ್ಯೂಟರಿನವರೆಗಿನ ದಾರಿ ತನ್ನ ಮನೆಯಿಂದಲೇ ಹೊರಡುತ್ತದೆ ಎಂದು ಮಗುವಿಗೆ ಅನ್ನಿಸಿದರೆ ಗೆದ್ದಂತೆ. ಇನ್ನೊಂದು ಮಾತು ಶಾಲಾ ಪ್ರವಾಸದ ಸಾಲಿನದು. ಸೀಟಿ ಊದುತ್ತ ಸಾಲಾಗಿ ಓಡಿಸಿದರೆ ಎಂಟು ಹಲಗೆ ಜೋಡಿಸಲು ಯಾರಿಗೆ ಸಮಯ? ಇದು ನ್ಯಾಯವಾದ ಆಕ್ಷೇಪ. ತಪ್ಪಲು ಸಮಯ ಬೇಕು, ತಿದ್ದಲು ಇನ್ನೂ ಹೆಚ್ಚು ಬೇಕು. ಊರಿಗೊಂದು ಚಿಕ್ಕ ಮ್ಯೂಸಿಯಂ ಇರಬೇಕೆನ್ನುವುದಕ್ಕೆ ನನ್ನ ಬಲವಾದ ಕಾರಣವೇ ಇದು. ವರ್ಷಕ್ಕೊಮ್ಮೆ ದೂರದ ಊರಿಗೆ ಹೋದ ಮಗು ನೋಡಿ ಬರುತ್ತದೆ. ಸಂಜೆ ನಡೆದು ಹೋಗಬಹುದಾದ ಕಡೆಗೆ ಮತ್ತೆ ಮತ್ತೆ ಹೋಗುತ್ತದೆ, ನಿನ್ನೆ ಬಿಟ್ಟ ಹಲಗೆಯನ್ನು ಇಂದು ಮುಂದುವರಿಸುತ್ತದೆ.

ಮೂರನೆಯ ಮಾತು ದುರಸ್ತಿ. ‘ಮುಟ್ಟಬೇಡಿ’, ‘ಒತ್ತಿ ನೋಡಿ’ ಆದಮೇಲೆ ವಿಜ್ಞಾನ ಕೇಂದ್ರಗಳ ಮೂರನೆಯ ಪ್ರಸಿದ್ಧ ಫಲಕ ‘ದುರಸ್ತಿಯಲ್ಲಿದೆ’. ಸಾವಿರ ಮಕ್ಕಳು ಎಳೆದ ಹಿಡಿ ಮುರಿಯುವುದು ಸಹಜ. ಬಿಡಿಭಾಗ ರಾಜಧಾನಿಯಿಂದ ಬರಬೇಕಾದರೆ ಆ ಫಲಕ ತಿಂಗಳುಗಟ್ಟಲೆ ಉಳಿಯುತ್ತದೆ. ಈ ವಿಷಯದಲ್ಲಿ ಮಗ್ಗದ ಊರು ಮುಂದಿದೆ. ಲಾಳಿಯ ಮೂತಿ ಸವೆದರೆ, ಹಲ್ಲುಚಕ್ರದ ಹಲ್ಲು ಹೋದರೆ, ಬೆಲ್ಟು ಜಾರಿದರೆ ಸಂಜೆಯೊಳಗೆ ಸರಿಮಾಡುವ ಮಿಸ್ತ್ರಿಗಳು, ಬಡಿಗರು, ಲೇತಿನ ಅಂಗಡಿಗಳು ಇಂಥ ಊರುಗಳಲ್ಲಿ ಇರಲೇಬೇಕು. ಇಲ್ಲದಿದ್ದರೆ ಮಗ್ಗ ನಡೆಯುವುದಿಲ್ಲ. ಪ್ರದರ್ಶಿಕೆಯನ್ನು ಮೊದಲಿನಿಂದಲೇ ಅವರ ಜೊತೆ ಕೂತು ರೂಪಿಸಿದರೆ ಅದು ಅವರು ರಿಪೇರಿ ಮಾಡಬಲ್ಲ ಪ್ರದರ್ಶಿಕೆಯಾಗಿರುತ್ತದೆ. ಮೊದಲು ರಟ್ಟು, ದಾರದಲ್ಲಿ ಒಂದು ಕಚ್ಚಾ ಮಾದರಿ ಮಾಡಿ ಹತ್ತು ಮಕ್ಕಳ ಮುಂದಿಡಲಿ. ಏನೂ ಹೇಳದೆ ಪಕ್ಕಕ್ಕೆ ನಿಂತು ನೋಡಲಿ. ಮಕ್ಕಳು ಎಲ್ಲಿ ಕೈಯಿಡುತ್ತಾರೆ, ಯಾವಾಗ ಬಿಟ್ಟುಹೋಗುತ್ತಾರೆ ಎಂಬುದನ್ನು ಬರೆದುಕೊಳ್ಳಲಿ. ಮರ, ಕಬ್ಬಿಣದ ಖರ್ಚು ಆಮೇಲೆ.

ಆ ಮಿಸ್ತ್ರಿಯ ಹೆಸರನ್ನು ಪ್ರದರ್ಶಿಕೆಯ ಫಲಕದ ಮೇಲೆ ಬರೆಯಬೇಕು ಎಂಬುದು ನನ್ನ ಕೊನೆಯ ಒತ್ತಾಯ. ಪುಸ್ತಕಕ್ಕೆ ಲೇಖಕರ ಹೆಸರಿರುತ್ತದೆ, ಸೀರೆಗೆ ನೇಕಾರರ ಹೆಸರಿರುವುದಿಲ್ಲ, ಪ್ರದರ್ಶಿಕೆಗೂ ಇರುವುದಿಲ್ಲ. ಇದು ಇಂಥವರು ಕಟ್ಟಿದ್ದು, ಮುರಿದರೆ ಇವರೇ ಸರಿಮಾಡುತ್ತಾರೆ ಎಂದು ಓದಿದ ಮಗುವಿಗೆ, ತನ್ನ ಓಣಿಯ ಮನುಷ್ಯನೊಬ್ಬ ವಿಜ್ಞಾನದ ಕರ್ತೃ ಎಂದು ಗೊತ್ತಾಗುತ್ತದೆ. ವಿಮರ್ಶಕರಿಗೂ ಆಗ ಕೃತಿಯ ಜೊತೆ ಒಂದು ಹೆಸರು ಸಿಗುತ್ತದೆ, ಅದರ ಬಗ್ಗೆ ಬರೆಯಲು ನಾವು ಶುರುಮಾಡಬಹುದು.